ವಿಜಯಾ ಬಾಟಲಿ ಪಕ್ಕದ ಮನೆಗೆ ಹೋಗುವ ಮೊದಲು

ಮದ್ದಿಗೆ ದುಡ್ಡು ತಗೊಂಡರೆ ಕೈಗುಣ ಹೋಗುತ್ತದೆ ಎಂಬ ಮಾತು ಮಲೆನಾಡಿನಲ್ಲಿ ಇವತ್ತಿಗೂ ಬದುಕಿದೆ. ಸರ್ಪಸುತ್ತಿಗೆ, ಕಾಮಾಲೆಗೆ, ಉಳುಕಿಗೆ ಮದ್ದು ಕೊಡುವ ಮನೆಗಳಲ್ಲಿ ರೇಟು ಅಂತ ಇರುವುದಿಲ್ಲ. ವೀಳ್ಯದೆಲೆ ಮೇಲೆ ಇಟ್ಟಷ್ಟು ದಕ್ಷಿಣೆ, ಅದೂ ಇಲ್ಲದಿದ್ದರೆ ಒಂದು ತೆಂಗಿನಕಾಯಿ. ಈ ನಂಬಿಕೆಯ ಬಗ್ಗೆ ನನಗೆ ಗೌರವ ಇದೆ. ತೊಂದರೆ ಎಲ್ಲಿ ಅಂದರೆ, ಬೇರು-ನಾರಿನ ಕಾಲದ ಈ ಲೆಕ್ಕವನ್ನೇ ನಾವು ಡಾಕ್ಟರು ಚೀಟಿ ಬರೆದು ಕೊಟ್ಟ ಔಷಧಿಗೂ ಹಚ್ಚುತ್ತಿದ್ದೇವೆ. ಮಾರಿದರೆ ಪಾಪ, ಸುಮ್ಮನೆ ಕೊಟ್ಟರೆ ಪುಣ್ಯ. ನೋವಿಗೆ ಬರೆದ ವಿಜಯಾ ಎಣ್ಣೆಯನ್ನು ಯಾರಾದರೂ ಮಾರಿದರು ಅಂದರೆ ಊರೇ ಬಾಯಿ ಬಡಿದುಕೊಳ್ಳುತ್ತದೆ. ಅದೇ ಎಣ್ಣೆಯನ್ನು ಅರ್ಧ ಬಾಟಲಿ ಬಗ್ಗಿಸಿ ಪಕ್ಕದ ಮನೆ ಅಜ್ಜಿಯ ಮಂಡಿನೋವಿಗೆ ಕೊಟ್ಟರೆ "ಒಳ್ಳೆ ಕೆಲಸ ಮಾಡಿದ್ರಿ" ಅನ್ನುತ್ತಾರೆ. ಯಾರಾದರೂ ಅನುಮಾನಿಸಿದರೆ ಒಂದೇ ಉತ್ತರ: "ದುಡ್ಡು ತಗಂಡ್ನಾ ಮಾರಾಯ್ರೆ?"

ಗೆರೆ ಎಳೆಯಬೇಕಾದದ್ದು ಚೀಟಿಯಲ್ಲಿ ಬರೆದ ಹೆಸರಿನ ಹತ್ತಿರ. ಅಜ್ಜಿಯ ರಕ್ತಕ್ಕೆ ಆ ಎಣ್ಣೆ ಪುಕ್ಕಟೆ ಬಂತೋ ಕಾಸಿಗೆ ಬಂತೋ ಗೊತ್ತಾಗುವುದಿಲ್ಲ.

ಮೊದಲು, ಏನು ಈ ವಿಜಯಾ? ಆಯುರ್ವೇದದಲ್ಲಿ ಗಾಂಜಾ ಗಿಡಕ್ಕೆ ಇರುವ ಹೆಸರು. ನಮ್ಮ ಹಿರಿಯರ ಬಾಯಲ್ಲಿ ಭಂಗಿ ಸೊಪ್ಪು. ಜಾತಿಫಲಾದಿ ಚೂರ್ಣ, ಮದನಾನಂದ ಮೋದಕದಂಥ ಹಳೆಯ ಯೋಗಗಳಲ್ಲಿ ಅದು ಇದೆ. ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ, ಹಸಿರು ಬಣ್ಣ ಬಿಡುವುದು ನಿಲ್ಲುವ ತನಕ ನೀರಿನಲ್ಲಿ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿದು ಶೋಧನೆ ಮಾಡುವ ಕ್ರಮ ಉಂಟು. ಈಚಿನ ವರ್ಷಗಳಲ್ಲಿ ಎಲೆಯ ಸಾರವನ್ನು ಎಣ್ಣೆಯಲ್ಲಿ ಬೆರೆಸಿ, ಹನಿ ಹಾಕುವ ಡ್ರಾಪರ್ ಇಟ್ಟು ಮಾರುವ ಬಾಟಲಿಗಳು ಬಂದಿವೆ. ನೋವು, ನಿದ್ರೆ, ಕ್ಯಾನ್ಸರ್ ರೋಗಿಯ ಹಸಿವು, ಇವಕ್ಕೆ ನೋಂದಾಯಿತ ಆಯುರ್ವೇದ ವೈದ್ಯರು ಬರೆಯುತ್ತಾರೆ.

1945ರ ಔಷಧ ನಿಯಮಗಳ 'ಇ-1' ಅನುಸೂಚಿ ಅಂತ ಒಂದಿದೆ. ಆಯುರ್ವೇದದ ವಿಷದ್ರವ್ಯಗಳ ಪಟ್ಟಿ ಅದು. ವತ್ಸನಾಭಿ, ದತ್ತೂರ, ಗುಲಗಂಜಿಗಳ ಜೊತೆಗೇ ಭಂಗಿಯ ಹೆಸರೂ ಅಲ್ಲಿದೆ. ಈ ಪಟ್ಟಿಯ ದ್ರವ್ಯ ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ 'ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು' ಎಂಬ ಅರ್ಥದ ಸಾಲು ಎದ್ದು ಕಾಣುವಂತೆ ಇರಬೇಕು, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಹಳ್ಳಿಯ ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ! "ಆಯುರ್ವೇದ ಅಲ್ವಾ, ಎಂತ ಆಗ್ತದೆ" ಎಂಬ ಮಾತು ಹುಟ್ಟುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಎಚ್ಚರಿಕೆ ಇದೆ, ಆದರೆ ಅದು ಮನೆಯವರ ಭಾಷೆಯಲ್ಲಿ ಇಲ್ಲ. ಇಂಥ ಬಾಟಲಿ ಮನೆಗೆ ಬಂದರೆ ಮೊದಲ ಕೆಲಸ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ 'ಇವರಿಗೆ ಮಾತ್ರ' ಎಂದು ರೋಗಿಯ ಹೆಸರು ಸಮೇತ ಬರೆದು, ಸೆಲ್ಲೊಟೇಪಿನಲ್ಲಿ ಸುತ್ತಲೂ ಅಂಟಿಸಿಬಿಡಿ. ಕಂಪನಿಯ ಲೇಬಲ್ಲನ್ನು ಮುಚ್ಚಬೇಡಿ.

ಲೇಬಲ್ ಯಾಕೆ ಮುಖ್ಯ ಅನ್ನುವುದಕ್ಕೆ ಕಾನೂನಿನ ಮಾತು ಸ್ವಲ್ಪ ಬೇಕು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕವಸ್ತು ತಡೆ ಕಾಯ್ದೆಯಲ್ಲಿ, ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಚರಸ್ ಅಂದರೆ ಅದರ ಅಂಟು. ತುದಿಯ ಜೊತೆ ಸೇರಿರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತವೆ. ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ನಮ್ಮ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದೂ ಈ ವ್ಯಾಖ್ಯೆಯ ಮೇಲೆಯೇ. ಎಲೆಯ ಸಾರದ ವಿಜಯಾ ಔಷಧಿಗೆ ದಾರಿ ಸಿಕ್ಕಿರುವುದು ಈ ಸಂದಿಯಲ್ಲಿ. ಆದರೆ ಆ ಎಣ್ಣೆ ಎಲೆಯದೋ ತುದಿಯದೋ ಎಂದು ಹೇಳುವುದು ಬಾಟಲಿಯ ಮೇಲಿನ ಲೇಬಲ್, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಜೊತೆಗಿರುವ ಬಿಲ್ಲು ಮತ್ತು ಚೀಟಿ. ಖಾಲಿ ಕೆಮ್ಮಿನ ಸಿರಪ್ ಬಾಟಲಿಗೆ ಬಗ್ಗಿಸಿ ಕೊಟ್ಟ ಕ್ಷಣ ಅದು ಹೆಸರಿಲ್ಲದ ಹಸಿರು ಎಣ್ಣೆ. ಸ್ಥಳದಲ್ಲೇ ಬಣ್ಣ ಬದಲಿಸಿ ತೋರಿಸುವ ಪರೀಕ್ಷಾ ಕಿಟ್ ಕ್ಯಾನಬಿನಾಯ್ಡ್ (ಗಾಂಜಾ ಗಿಡದ ರಾಸಾಯನಿಕ) ಇದೆ ಅಂತ ಹೇಳುತ್ತದೆ ಹೊರತು ಎಲೆ-ತುದಿ ಬೇರೆ ಮಾಡುವುದಿಲ್ಲ. ಅಂಥ ಬಾಟಲಿ ಬ್ಯಾಗಿನಲ್ಲಿಟ್ಟುಕೊಂಡು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ತಪಾಸಣೆಗೆ ಸಿಕ್ಕವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಉಪಕಾರ ಅಂತ ಕೊಟ್ಟವರು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿರುತ್ತಾರೆ.

ಇನ್ನು, ಔಷಧಿ ಅಂತ ಮನೆಯಲ್ಲೇ ಗಾಂಜಾ ತುದಿ ಇಟ್ಟುಕೊಳ್ಳುವುದು ಬೇರೆಯೇ ಮಾತು. ಅಡಿಕೆ ತೋಟದ ಮಧ್ಯೆ, ಶುಂಠಿ ಸಾಲಿನಲ್ಲಿ ಗಿಡ ಸಿಕ್ಕಿತು ಎಂಬ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಹೊಸದಲ್ಲ. ಬೆಳೆದರೆ 10 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಇಟ್ಟುಕೊಂಡದ್ದು ಕೆ.ಜಿ. ಒಳಗಿದ್ದರೆ 1 ವರ್ಷದ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ ಅಥವಾ ಎರಡೂ. "ಅಮ್ಮನ ನೋವಿಗೆ ಎರಡೇ ಗಿಡ" ಎಂಬ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ.

ಹೊರದೇಶದಲ್ಲಿರುವ ಮಕ್ಕಳು ತರುವ ಗಮ್ಮೀಸ್ (ಗಾಂಜಾ ಸಾರ ಬೆರೆಸಿದ ಮೆದು ಮಿಠಾಯಿ) ಕೂಡ ಇದೇ ಸಾಲಿನದು. ಅಮೆರಿಕದಲ್ಲಿ 2018ರ ಕೃಷಿ ಕಾಯ್ದೆ, ಒಣತೂಕದಲ್ಲಿ ಶೇಕಡಾ 0.3ಕ್ಕಿಂತ ಹೆಚ್ಚು ಟಿಎಚ್‌ಸಿ (ಅಮಲೇರಿಸುವ ಅಂಶ) ಇಲ್ಲದ ಗಿಡವನ್ನು ಹೆಂಪ್ ಎಂದು ಬೇರೆ ಮಾಡಿತು. ನಮ್ಮ ಎನ್‌ಡಿಪಿಎಸ್ ವ್ಯಾಖ್ಯೆಯಲ್ಲಿ ಈ ಶೇಕಡಾವಾರು ಲೆಕ್ಕವೇ ಇಲ್ಲ. ಅಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿತು ಎಂಬ ಮಾತು ಇಲ್ಲಿ ಕಸ್ಟಮ್ಸ್ ಮುಂದೆ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 2018ರ ನವೆಂಬರಿನಿಂದ ತಜ್ಞವೈದ್ಯರು ಗಾಂಜಾ ಔಷಧಿ ಬರೆಯಬಹುದು. ಅಲ್ಲಿ ಕೂಡ ತನ್ನ ಚೀಟಿಯ ಔಷಧಿಯನ್ನು ಗೆಳೆಯನಿಗೆ ಪುಕ್ಕಟೆ ಕೊಟ್ಟರೂ ಅದು 'ಪೂರೈಕೆ' ಎಂಬ ಅಪರಾಧವೇ.

ಸರಿ, ಕಾನೂನು ಬಿಡಿ. ಬಾಟಲಿಯನ್ನೇ ಕೈಯಲ್ಲಿ ಹಿಡಿದು ನೋಡೋಣ, ಎಡವಟ್ಟು ಎಲ್ಲಿ ಆಗುತ್ತದೆ ಅಂತ.

30 ಮಿ.ಲೀ. ಬಾಟಲಿ, ಒಟ್ಟು 3,000 ಮಿ.ಗ್ರಾಂ ಸಾರ ಎಂದು ಬರೆದಿದೆ ಅಂದುಕೊಳ್ಳಿ. ಅಂದರೆ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ವೈದ್ಯರು ರಾತ್ರಿ ನಾಲ್ಕು ಹನಿ ಬರೆದಿದ್ದಾರೆ. ಹನಿಯ ಗಾತ್ರ ಡ್ರಾಪರಿನ ತುದಿಯ ಮೇಲೆ ಹೋಗುತ್ತದೆ. ನೀರಿಗಾದರೆ ಸುಮಾರು 20 ಹನಿಗೆ ಒಂದು ಮಿ.ಲೀ. ಎಂಬ ಲೆಕ್ಕ ಇದೆ, ಎಣ್ಣೆಯ ಹನಿ ಅದಕ್ಕಿಂತ ಚಿಕ್ಕದು. 30 ಹನಿಗೆ ಒಂದು ಮಿ.ಲೀ. ಆಗುವ ಡ್ರಾಪರಿನಲ್ಲಿ ನಾಲ್ಕು ಹನಿ ಅಂದರೆ ಸುಮಾರು 13 ಮಿ.ಗ್ರಾಂ. 20 ಹನಿಗೆ ಒಂದು ಮಿ.ಲೀ. ಆಗುವ ದಪ್ಪ ತುದಿಯ ಡ್ರಾಪರಿನಲ್ಲಿ ಅದೇ ನಾಲ್ಕು ಹನಿ 20 ಮಿ.ಗ್ರಾಂ. ಮುಂದಿನ ತಿಂಗಳು ವೈದ್ಯರು 9,000 ಮಿ.ಗ್ರಾಂ ಬಾಟಲಿಗೆ ಬದಲಿಸಿದರೆ ಒಂದು ಮಿ.ಲೀ.ಗೆ 300 ಮಿ.ಗ್ರಾಂ ಆಯಿತು. ಪಕ್ಕದ ಮನೆಗೆ ಹೋಗುವುದು ಈ ಲೆಕ್ಕ ಅಲ್ಲ, "ನಾಲ್ಕು ಹನಿ ಹಾಕ್ಕಳಿ" ಎಂಬ ಮಾತು ಮಾತ್ರ. ಅದೇ ನಾಲ್ಕು ಹನಿಯಲ್ಲಿ ಮೂರು ಪಟ್ಟು ಮದ್ದು ಹೋಗಿರುತ್ತದೆ. ಅದರ ಮೇಲೆ, ಸಾರದ ಮಿಲಿಗ್ರಾಂ ಬೇರೆ, ಸಾರದೊಳಗಿನ ಟಿಎಚ್‌ಸಿಯ ಮಿಲಿಗ್ರಾಂ ಬೇರೆ. ಹೊಸಬರಿಗೆ ಬಾಯಿಂದ ಕೊಡುವ ಟಿಎಚ್‌ಸಿ ಔಷಧಿಯನ್ನು ಸಾಮಾನ್ಯವಾಗಿ 2.5 ಮಿ.ಗ್ರಾಂನಿಂದ ಶುರು ಮಾಡುತ್ತಾರೆ. ಆರು ತಿಂಗಳಿಂದ ತಗೊಂಡು ಒಗ್ಗಿಹೋದವರ ಹನಿ ಲೆಕ್ಕ ಹೊಸ ಮೈಗೆ ಹೊಂದುವುದಿಲ್ಲ.

ನಮ್ಮ ಹವಾಮಾನವೂ ಒಂದು ಕೈ ನೋಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ಮದ್ದಾದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ, ಡಿಸೆಂಬರಿನ ಬೆಳಿಗ್ಗೆಗಳಲ್ಲಿ ಬಾಟಲಿಯ ಅರ್ಧ ಬೆಳ್ಳಗೆ ಹೆಪ್ಪಾಗಿ, ಮೇಲಿನ ತೆಳುಭಾಗ ಮಾತ್ರ ಡ್ರಾಪರಿಗೆ ಬರುತ್ತದೆ. ಆಗ ಹಂಚಿದ ಎರಡು ಅರ್ಧಗಳು ಸಮ ಇರುವುದಿಲ್ಲ. ಬಳಸುವ ಮುಂಚೆ ಮುಚ್ಚಳ ಬಿಗಿ ಮಾಡಿ ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ತಲೆಕೆಳಗೆ ಮಾಡಿ ಹತ್ತು ಸಲ ಆಡಿಸಬೇಕು. ಒಲೆ ಮೇಲೆ ಇಡಬಾರದು. ಚೂರ್ಣವಾದರೆ ಜಡಿಮಳೆಯ ತೇವಕ್ಕೆ ಮುದ್ದೆ ಕಟ್ಟುತ್ತದೆ. ಮುದ್ದೆ ಕಟ್ಟಿದ ಚೂರ್ಣದ ಒಂದು ಚಮಚ ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಬೂಸಲು ಬಂದದ್ದನ್ನು ಬಿಸಿಲಿಗೆ ಒಣಗಿಸಿ ಮತ್ತೆ ಡಬ್ಬಕ್ಕೆ ತುಂಬುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ತಗೊಂಡ ಮೇಲೆ ಆಗುವ ತಪ್ಪು ಒಂದೇ ಮಾದರಿಯದು. ಬಾಯಿಂದ ತಗೊಂಡ ವಿಜಯಾ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಮುಕ್ಕಾಲು ಗಂಟೆ ಕಾದು "ಎಂತದೂ ಆಗ್ಲಿಲ್ಲ" ಅಂತ ಇನ್ನೊಂದು ಸಲ ಹಾಕಿಕೊಳ್ಳುತ್ತಾರೆ. ಎರಡೂ ಒಟ್ಟಿಗೆ ಏರುತ್ತವೆ, ಆರೆಂಟು ಗಂಟೆ ಇಳಿಯುವುದಿಲ್ಲ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ತುಪ್ಪ, ಹಾಲಿನ ಜೊತೆ ಇನ್ನೂ ಹೆಚ್ಚು ಮೈಗೆ ಹತ್ತುತ್ತದೆ. "ಉಷ್ಣ ಆಗಿದೆ, ತುಪ್ಪ ಕುಡಿಸಿ" ಎಂಬ ಉಪಚಾರ ಇಲ್ಲಿ ತಿರುಗಿ ಹೊಡೆಯುತ್ತದೆ. ಎದೆ ಬಡಿತ ಏರುತ್ತದೆ, ಮಲಗಿದ್ದವರು ಎದ್ದಾಗ ಬಿ.ಪಿ. ದಿಢೀರ್ ಇಳಿಯುತ್ತದೆ. ಬಿ.ಪಿ. ಮಾತ್ರೆ ತಗೊಳ್ಳುವ ಎಪ್ಪತ್ತು ದಾಟಿದವರು ರಾತ್ರಿ ಎದ್ದು, ಹಿತ್ತಲ ಬಚ್ಚಲಿಗೆ ಹೋಗುವ ಪಾಚಿ ಕಟ್ಟಿದ ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಮುಂದಿನದು ಸೊಂಟದ ಮೂಳೆ ಮುರಿತ. ಬೆನ್ನುನೋವಿಗೆ ಅಂತ ರಾತ್ರಿ ತಡವಾಗಿ ಎರಡು ಸಲ ಹಾಕಿಕೊಂಡ ಕೊನೆಗೌಡ ಬೆಳಿಗ್ಗೆ ಐವತ್ತು ಅಡಿ ಅಡಿಕೆ ಮರ ಹತ್ತುವುದನ್ನು ಊಹಿಸಿ. ಅವನಿಗೆ ಹನಿ ಕೊಟ್ಟ ತೋಟದ ಯಜಮಾನರಿಗೆ ಅವನ ಮೇಲೆ ಇದ್ದದ್ದು ಪ್ರೀತಿಯೇ.

ಬೇರೆ ಮಾತ್ರೆಗಳ ಜೊತೆಗಿನ ಜಗಳ ಇನ್ನೊಂದು. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತಗೊಳ್ಳುವವರಿಗೆ ಈ ಸಾರ ರಕ್ತ ತೆಳುವಾಗುವುದನ್ನು ಇನ್ನೂ ಏರಿಸಬಹುದು. ವಸಡಿನಲ್ಲಿ ರಕ್ತ, ಕಪ್ಪು ಮಲ ಕಂಡಾಗಲೇ ಗೊತ್ತಾಗುವುದು. ಮಗುವಿನ ಫಿಟ್ಸ್‌ಗೆ ಸಿಬಿಡಿ (ಅದೇ ಗಿಡದ ಅಮಲಿಲ್ಲದ ಅಂಶ) ಬರೆಸಿಕೊಂಡ ತಾಯಂದಿರು ಅದೇ ಕಾಯಿಲೆಯ ಇನ್ನೊಂದು ಮಗುವಿನ ತಾಯಿಗೆ ಕೊಡುವುದು ಎಲ್ಲಕ್ಕಿಂತ ಕರುಳು ಚುರ್ ಅನ್ನಿಸುವ ಹಂಚಿಕೆ. ಆದರೆ ಆ ಡೋಸು ಮಗುವಿನ ತೂಕದ್ದು. ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಕಠಿಣ ಫಿಟ್ಸ್‌ಗಳಿಗೆ ಒಪ್ಪಿಗೆ ಪಡೆದ ಶುದ್ಧ ಸಿಬಿಡಿ ಔಷಧಿಯನ್ನು ಕೆ.ಜಿ.ಗೆ 2.5 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ ಶುರು ಮಾಡುತ್ತಾರೆ. 20 ಕೆ.ಜಿ. ಮಗುವಿಗೆ ಅದು ಹೊತ್ತಿಗೆ 50 ಮಿ.ಗ್ರಾಂ. ಇನ್ನೊಂದು ಮಗು ವಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧಿಯ ಮೇಲಿದ್ದರೆ ಲಿವರ್ ಪರೀಕ್ಷೆ ಬೇಕು. ಕ್ಲೋಬಜಾಮ್ ಎಂಬ ಇನ್ನೊಂದು ಫಿಟ್ಸ್ ಔಷಧಿಯ ಮೇಲಿದ್ದರೆ ಮಂಪರು ವಿಪರೀತವಾಗುತ್ತದೆ. ಮತ್ತೆ ಕೊಟ್ಟ ಮನೆಯಲ್ಲಿ ಬಾಟಲಿ ಹದಿನೈದು ದಿನ ಮೊದಲೇ ಮುಗಿದು, ಔಷಧಿ ತಟ್ಟನೆ ನಿಂತು, ಆ ಮಗುವಿಗೆ ಫಿಟ್ಸ್ ಮರುಕಳಿಸುತ್ತದೆ. ಕೊಟ್ಟವರ ರೋಗಿಗೂ ಬೆಲೆ ತೆರುವುದು ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಂಪ್ ಬೀಜದ ಎಣ್ಣೆ ಬೇರೆ, ವಿಜಯಾ ಎಣ್ಣೆ ಬೇರೆ, ಇದನ್ನೂ ಹೇಳಿಬಿಡುತ್ತೇನೆ. ಬೀಜದೆಣ್ಣೆ ಆಹಾರ. 2021ರಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆ) ಅದಕ್ಕೆ ಮಾನದಂಡ ಮಾಡಿತು. ಅದರಲ್ಲಿ ಅಮಲೂ ಇಲ್ಲ, ನೋವು ಇಳಿಸುವ ಗುಣವೂ ಇಲ್ಲ. ಬೀಜದೆಣ್ಣೆ ಮೂರು ಚಮಚ ಕುಡಿದು ಏನೂ ಆಗದವರು, ಅದೇ ಧೈರ್ಯದಲ್ಲಿ ವಿಜಯಾ ಕುಡಿಯುವ ಅಪಾಯ ಇದೆ.

ಮಾರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ತಪ್ಪು ಅಂತ ಎಲ್ಲರಿಗೂ ಗೊತ್ತಿದೆ. ಒಂದು ನುಸುಳುದಾರಿ ಮಾತ್ರ: "ಬಿಲ್ಲಿನಷ್ಟೇ ತಗೊಂಡೆ, ಲಾಭ ಇಟ್ಟಿಲ್ಲ." ಲಾಭ ಇಲ್ಲದ ಮಾರಾಟವೂ ಮಾರಾಟವೇ. ಆಲ್ಪ್ರಜೋಲಾಮ್, ಟ್ರಮಡಾಲ್‌ನಂಥ ಇಂಗ್ಲಿಷ್ ಮಾತ್ರೆಗಳಾದರೆ ಲೈಸೆನ್ಸ್ ಇಲ್ಲದೆ ಮಾರಿದ್ದಕ್ಕೆ 1940ರ ಔಷಧ ಕಾಯ್ದೆಯಲ್ಲಿ 3ರಿಂದ 5 ವರ್ಷ ಜೈಲು ಇದೆ, ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಪಟ್ಟಿಯಲ್ಲೂ ಇದೆ. ನಿದ್ರೆ ಮಾತ್ರೆ, ನೋವಿನ ಮಾತ್ರೆ ಎಂದು ವಾಟ್ಸಾಪ್ ಗುಂಪಿನಲ್ಲಿ "ಯಾರಿಗಾದರೂ ಬೇಕಾ" ಎಂದು ಫೋಟೊ ಹಾಕುವವರು ಇದನ್ನು ತಿಳಿದಿರಬೇಕು.

ನನ್ನನ್ನು ಹೆಚ್ಚು ಕಾಡುವುದು ಸಾವಿನ ಮನೆಯ ಪ್ಲಾಸ್ಟಿಕ್ ಕವರು. ಕ್ಯಾನ್ಸರಿನಿಂದ ಹೋದವರ ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಕೋಣೆ ತೆರವು ಮಾಡುತ್ತಾರೆ. ಕವರಿನ ತುಂಬ ಔಷಧಿ, ಸಾವಿರಗಟ್ಟಲೆ ರೂಪಾಯಿಯದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮಣಿಪಾಲಕ್ಕೋ ಹತ್ತಾರು ಸಲ ಅಲೆದು ತಂದದ್ದು. ಎಸೆಯಲು ಮನಸ್ಸು ಬರುವುದಿಲ್ಲ. ಅಷ್ಟೊತ್ತಿಗೆ ಪಕ್ಕದ ಕೇರಿಯಲ್ಲಿ ಇನ್ನೊಬ್ಬರು ಅದೇ ಕಾಯಿಲೆಯಲ್ಲಿ ಮಲಗಿರುತ್ತಾರೆ. ಕವರು ಹಾಗೇ ಅಲ್ಲಿಗೆ ಹೋಗುತ್ತದೆ. ಅದರಲ್ಲಿ ವಿಜಯಾ ಎಣ್ಣೆ ಇದ್ದರೆ ಅದು ಕವರಿನಲ್ಲಿರುವ ಸೌಮ್ಯ ವಸ್ತು. ಮಾರ್ಫಿನ್ 10 ಮಿ.ಗ್ರಾಂ ಮಾತ್ರೆ, ನೋವಿಗೆ ಮೈಮೇಲೆ ಅಂಟಿಸುವ ಫೆಂಟನಿಲ್ ಪಟ್ಟಿ, ಇವು ಅಲ್ಲಿನ ನಿಜವಾದ ಕೆಂಡ.

ಮಾರ್ಫಿನ್ ಒಳ್ಳೆಯ ಔಷಧಿ. ಅದಿಲ್ಲದೆ ಕ್ಯಾನ್ಸರ್ ನೋವಿನಲ್ಲಿ ಒದ್ದಾಡುವವರಿಗೆ ಅದನ್ನು ತಲುಪಿಸಲೆಂದೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಟ್ಟುಕೊಂಡು ಕೊಡುವ ವ್ಯವಸ್ಥೆ ಮಾಡಿದರು. ನಾಲ್ಕು ಗಂಟೆಗೊಮ್ಮೆ ಕೊಡುವ ಮಾತ್ರೆ ಅದು, ಸಣ್ಣದರಿಂದ ಶುರು ಮಾಡಿ ಏರಿಸುತ್ತಾ ಹೋಗಿರುತ್ತಾರೆ. ಕೊನೆಯ ತಿಂಗಳಲ್ಲಿದ್ದವರ ಡೋಸನ್ನು ಮೊನ್ನೆ ಕಾಯಿಲೆ ಗೊತ್ತಾದವರಿಗೆ ಕೊಟ್ಟರೆ ಉಸಿರು ನಿಧಾನವಾಗುತ್ತದೆ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಫೆಂಟನಿಲ್ ಪಟ್ಟಿ ಇನ್ನೂ ಮೋಸದ್ದು, ನೋಡಲು ಬೆನ್ನುನೋವಿನ ಪ್ಲಾಸ್ಟರಿನ ಹಾಗೇ ಇದೆ. 72 ಗಂಟೆ ಅಂಟಿಸಿ ತೆಗೆದ ಮೇಲೂ ಅದರೊಳಗೆ ಸಾಕಷ್ಟು ಔಷಧಿ ಉಳಿದಿರುತ್ತದೆ. ಅದನ್ನು ಸೊಂಟಕ್ಕೆ ಹಚ್ಚಿಕೊಂಡು ಬಚ್ಚಲ ಒಲೆ ಮುಂದೆ ಬೆನ್ನು ಕಾಯಿಸಿದರೆ ಬಿಸಿಗೆ ಔಷಧಿ ವೇಗವಾಗಿ ಒಳಗೆ ಇಳಿಯುತ್ತದೆ. ಬಳಸಿದ ಪಟ್ಟಿಯನ್ನು ಅಂಟು ಭಾಗ ಒಳಗೆ ಬರುವಂತೆ ಮಡಚಿ ಒತ್ತಿ, ಮಕ್ಕಳಿಗೆ ಸಿಗದ ಡಬ್ಬಿಯಲ್ಲಿ ಇಟ್ಟು, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಉಳಿದ ಮಾರ್ಫಿನ್ ಕೂಡ ಅಲ್ಲಿಗೇ. ಎಷ್ಟು ಮಾತ್ರೆ ಅಂತ ಎಣಿಸಿ ಬರೆದುಕೊಂಡು ಹೋದರೆ ಅವರ ರಿಜಿಸ್ಟರಿಗೂ ಅನುಕೂಲ.

ಉಳಿದ ವಿಜಯಾ ಎಣ್ಣೆ ಅಥವಾ ಚೂರ್ಣವನ್ನು ಹಿಂದಕ್ಕೆ ಕೊಡಲು ಆಗದಿದ್ದರೆ ಬಳಸಿದ ಚಹಾ ಸೊಪ್ಪಿನ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಹಾಕಿ. ಹಳ್ಳಕ್ಕೆ, ಗೊಬ್ಬರಗುಂಡಿಗೆ, ಕಲಗಚ್ಚಿನ ಬಾನಿಗೆ ಬೇಡ. ನಾಯಿ, ದನ ಬಾಯಿ ಹಾಕುತ್ತವೆ.

ಹಂಚಿದ್ದು ಆಗಿಹೋಗಿ, ಯಾರಿಗೋ ಹೆಚ್ಚಾಗಿದೆ ಎಂದರೆ: ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು ಜೊತೆಗೇ ಕೂತಿರಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕರೆದರೆ ಎಚ್ಚರಾಗದಿದ್ದರೆ, ಉಸಿರು ನಿಧಾನವಾದರೆ, ಮಗುವಾಗಿದ್ದರೆ ಒಂದು ಹನಿ ನೆಕ್ಕಿದ ಅನುಮಾನ ಇದ್ದರೂ 108ಕ್ಕೆ ಕರೆ ಮಾಡಿ, ಬಾಟಲಿ ಜೊತೆಗೆ ತಗೊಂಡು ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ ತಾಲ್ಲೂಕು ಆಸ್ಪತ್ರೆಯಾಗಲಿ, ಡಾಕ್ಟರಿಗೆ ನಿಜ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಆ ಮಗುವಿಗೆ ಮೆದುಳುಜ್ವರವೋ ತಲೆಗೆ ಪೆಟ್ಟೋ ಎಂದು ಸ್ಕ್ಯಾನು, ಬೆನ್ನುಹುರಿಯ ನೀರಿನ ಪರೀಕ್ಷೆ ಎಲ್ಲ ಆಗುತ್ತದೆ. ಒಂದು ಮಾತು ಹೇಳಿದ್ದರೆ ಅದು ತಪ್ಪುತ್ತಿತ್ತು.

ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಕಷ್ಟ, ಗೊತ್ತು. ಅವರು ಬರುವುದು ದುರಾಸೆಯಿಂದ ಅಲ್ಲ. ಆಸ್ಪತ್ರೆ ದೂರ, ಒಂದು ದಿನದ ಕೂಲಿ ಹೋಗುತ್ತದೆ, ಘಾಟಿ ರಸ್ತೆಯಲ್ಲಿ ಮಳೆ. ಅದಕ್ಕೇ ಬಾಟಲಿಯ ಬದಲು ಬೇರೆ ಕೊಡಿ. ನಿಮ್ಮ ಚೀಟಿಯ ಫೋಟೊ ಬೇಡ, ಅದು ಕೈಯಿಂದ ಕೈಗೆ ಹೋಗಿ ಔಷಧಿ ತರಿಸಲು ಬಳಕೆಯಾಗುತ್ತದೆ. ವೈದ್ಯರ ಹೆಸರು, ಸಿಗುವ ದಿನ, ಫೀಸು ಎಷ್ಟು ಅಂತ ಹೇಳಿ. ಒಂದು ಹಾಳೆಯಲ್ಲಿ ಅವರು ಈಗ ತಗೊಳ್ಳುವ ಮಾತ್ರೆಗಳ ಹೆಸರು, ಮಿ.ಗ್ರಾಂ, ಹೊತ್ತು ಬರೆದುಕೊಡಿ. ಬಿ.ಪಿ., ಶುಗರ್, ಕಿಡ್ನಿ, ಮೊದಲೆಲ್ಲಾದರೂ ಬಿದ್ದದ್ದು, ಮನೆಯಲ್ಲಿ ಮಾನಸಿಕ ಕಾಯಿಲೆ ಇದ್ದವರು ಯಾರಾದರೂ ಇದ್ದರಾ ಎಂಬುದೂ ಆ ಹಾಳೆಯಲ್ಲಿ ಇರಲಿ, ವಿಜಯಾ ಬರೆಯುವ ಮುಂಚೆ ವೈದ್ಯರು ಇದನ್ನೆಲ್ಲ ಕೇಳಲೇಬೇಕು. ಮುಂದಿನ ಸಲ ನಿಮ್ಮ ರೋಗಿಯನ್ನು ಕರೆದುಕೊಂಡು ಹೊರಟಾಗ ಕಾರಿನಲ್ಲಿ ಅವರಿಗೂ ಒಂದು ಸೀಟು ಹಿಡಿದಿಡಿ. ಆಗುಂಬೆ ಘಾಟಿ ಇಳಿದು ಮಣಿಪಾಲದಲ್ಲಿ ಬೆಳಗಿನ ಓಪಿಡಿ ಚೀಟಿ ಮಾಡಿಸಬೇಕಾದರೆ ತೀರ್ಥಹಳ್ಳಿಯನ್ನು ಬೆಳಕು ಹರಿಯುವ ಮುಂಚೆಯೇ ಬಿಡಬೇಕು ಅಂತ ಹಿಂದಿನ ರಾತ್ರಿಯೇ ಹೇಳಿಡಿ.